ವಿನಾಯಿತಿ ಮೊದಲು, ಗೇಟು ಆಮೇಲೆ

2020ರ ಮಾರ್ಚ್ ಕೊನೆಯ ಹೊತ್ತಿಗೆ ಕರ್ನಾಟಕವು ಕೇರಳದ ಕಾಸರಗೋಡು ಕಡೆಯ ರಸ್ತೆಗಳನ್ನು ಮುಚ್ಚಿತು. ತಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿಗೆ ಬ್ಯಾರಿಕೇಡ್ ಬಿತ್ತು, ಒಳದಾರಿಗಳಿಗೆ ಮಣ್ಣು ತಂದು ಸುರಿದರು. ಮಣ್ಣು ಸುರಿದು ರಸ್ತೆ ಮುಚ್ಚುವುದಕ್ಕೂ ಪೊಲೀಸರನ್ನು ನಿಲ್ಲಿಸಿ ಮುಚ್ಚುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಪೊಲೀಸರಾದರೆ ಆಂಬುಲೆನ್ಸಿನ ಒಳಗೆ ಇಣುಕಿ ನೋಡಿ ಬಿಟ್ಟಾರು. ಮಣ್ಣಿನ ರಾಶಿಯ ಹತ್ತಿರ ವಾದಿಸಲು ಬರುವುದಿಲ್ಲ. ಆಮೇಲಿನ ಒಂದೂವರೆ ವರ್ಷ ಈ ಗಡಿಯಲ್ಲಿ ಪಾಸ್, ನೋಂದಣಿ, ಕ್ವಾರಂಟೈನ್, ಆರ್‌ಟಿ-ಪಿಸಿಆರ್ ಎಂದು ಒಂದರ ಹಿಂದೆ ಒಂದು ಆದೇಶ ಬಂತು. ಅವನ್ನೆಲ್ಲ ಕಂಡುಂಡ ಗಡಿನಾಡಿನವರಲ್ಲಿ ಒಬ್ಬನಾಗಿ ನಾನು ಕಲಿತದ್ದು ಇಷ್ಟು: ಸಾಂಕ್ರಾಮಿಕದ ಕಾಲದಲ್ಲಿ ಗಡಿ ಮುಚ್ಚಬಾರದು ಎನ್ನಲಾಗದು, ಆದರೆ ಯಾರನ್ನು ಬಿಡಬೇಕು ಎಂಬುದನ್ನು ಬರೆದಿಟ್ಟ ಮೇಲೆಯೇ ಮುಚ್ಚಬೇಕು. ನಮ್ಮಲ್ಲಿ ನಡೆದದ್ದು ತಿರುವುಮುರುವು. ಮೊದಲು ಗೇಟು ಬಿತ್ತು, ಜನ ಸತ್ತರು, ಕೋರ್ಟು ಕೇಳಿತು, ಆಮೇಲೆ ವಿನಾಯಿತಿ ಹುಟ್ಟಿತು.

ಹೊರಗಿನವರಿಗೆ ಇದು ಎರಡು ರಾಜ್ಯಗಳ ಜಗಳದಂತೆ ಕಂಡಿತು. ಇಲ್ಲಿನವರಿಗೆ ಅದು ಆಸ್ಪತ್ರೆಯ ಪ್ರಶ್ನೆ. ಮಂಜೇಶ್ವರದಿಂದ ಮಂಗಳೂರಿಗೆ ಮುಕ್ಕಾಲು ಗಂಟೆಯ ದಾರಿ, ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ತಮ್ಮದೇ ರಾಜಧಾನಿ ತಿರುವನಂತಪುರ 550 ಕಿಲೋಮೀಟರಿಗೂ ಆಚೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ಕತ್ತರಿಸಿ ಕೇರಳಕ್ಕೆ ಸೇರಿಸಿದಾಗ ನಕ್ಷೆ ಬದಲಾಯಿತು. ಹೆರಿಗೆಗೆ, ಡಯಾಲಿಸಿಸ್‌ಗೆ, ಕಾಲೇಜಿಗೆ, ಕೆಲಸಕ್ಕೆ ಜನ ಹೋಗುವ ದಿಕ್ಕು ಬದಲಾಗಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದನ್ನು ನಾವು ಭಾಷಣಗಳಲ್ಲಿ ನೆನೆಯುತ್ತಲೇ ಇರುತ್ತೇವೆ. ಕಾಸರಗೋಡು ನಮ್ಮದು ಎನ್ನುವವರಿಗೆ ಕಾಸರಗೋಡಿನ ರೋಗಿಯೂ ನಮ್ಮವನಾಗಬೇಕಿತ್ತು. ಆ ವಸಂತದಲ್ಲಿ ಹಾಗೆ ಹೇಳಿದ ದನಿಗಳು ಬಹಳ ಕಡಿಮೆ.

ಫಲ ಏನಾಯಿತು ಎಂಬುದು ದಾಖಲೆಯಲ್ಲಿದೆ. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಗಡಿಯಾಚೆ ಹಲವರು ತೀರಿಕೊಂಡ ಸುದ್ದಿ ಏಪ್ರಿಲ್ ಮೊದಲ ವಾರದ ಪತ್ರಿಕೆಗಳಲ್ಲಿ ದಿನವೂ ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ಹೆದ್ದಾರಿಯ ತಡೆ ತೆಗೆಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾಗಿದೆ ಎಂದು ಕೇಂದ್ರ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು. ವೈದ್ಯರ ಪ್ರಮಾಣಪತ್ರ, ಗಡಿಯಲ್ಲಿ ವೈದ್ಯಕೀಯ ತಪಾಸಣೆ, ಆಂಬುಲೆನ್ಸಿನಲ್ಲಿ ಮಾತ್ರ ಪ್ರಯಾಣ: ಇದೇ ಆ ಕ್ರಮದ ತಿರುಳು. ಇದರಲ್ಲಿ ಹೊಸದಾಗಿ ಕಂಡುಹಿಡಿಯಬೇಕಾದ್ದು ಏನಿತ್ತು? ಎರಡು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಒಂದು ಮಧ್ಯಾಹ್ನ ಕೂತು ಬರೆಯಬಹುದಾದ ಒಂದು ಪುಟಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಕೊರೊನಾದ ಆ ಮೊದಲ ಸುತ್ತಿನಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಸೋಂಕಿನಿಂದ ಒಬ್ಬರೂ ಸಾಯಲಿಲ್ಲ. ಮೇ ತಿಂಗಳ ಹೊತ್ತಿಗೆ ಸೋಂಕಿತರೆಲ್ಲ ಗುಣವಾಗಿ ಮನೆಗೆ ಹೋದರು. ರೋಗ ಕೊಲ್ಲದ ಕಡೆ ರಸ್ತೆ ಕೊಂದಿತು.

ಕರ್ನಾಟಕದ ಭಯ ಸುಳ್ಳಾಗಿತ್ತು ಎಂದು ನಾನು ಹೇಳಲಾರೆ. ಮಾರ್ಚ್ ಕೊನೆಗೆ ಕೇರಳದಲ್ಲೇ ಅತಿ ಹೆಚ್ಚು ಸೋಂಕಿತರಿದ್ದದ್ದು ಕಾಸರಗೋಡಿನಲ್ಲಿ. ಮಂಗಳೂರಿನಲ್ಲಿ ಹಾಸಿಗೆಗಳಿಗೆ ಮಿತಿಯಿತ್ತು, ವೈದ್ಯರಿಗೇ ಸೋಂಕು ತಗಲಿದರೆ ಆಸ್ಪತ್ರೆಯೇ ಮುಚ್ಚುವ ಆತಂಕವಿತ್ತು, ಪಿಪಿಇ ಕಿಟ್ಟಿಗೂ ಪರದಾಟ. ತನ್ನ ಜಿಲ್ಲೆಯ ಜನರನ್ನು ಕಾಯುವುದು ಸರ್ಕಾರದ ಕರ್ತವ್ಯವೇ; ಸಂವಿಧಾನದ 19ನೇ ವಿಧಿ ಕೊಡುವ ಸಂಚಾರದ ಹಕ್ಕಿಗೂ ಸಾರ್ವಜನಿಕ ಹಿತಕ್ಕಾಗಿ ಸಮಂಜಸ ನಿರ್ಬಂಧ ಹಾಕಬಹುದು. ಆದರೆ ಸಮಂಜಸ ಎಂಬ ಮಾತಿಗೆ ತೂಕ ಬರುವುದು ಅಪಾಯಗಳನ್ನು ಬೇರ್ಪಡಿಸಿ ನೋಡಿದಾಗ. ದಕ್ಷಿಣ ಕನ್ನಡದಲ್ಲಿ ಪತ್ತೆಯಾದ ಮೊದಲ ಪ್ರಕರಣ ದುಬೈಯಿಂದ ವಿಮಾನದಲ್ಲಿ ಬಂದವರದು. ತರಕಾರಿ, ಔಷಧ ಹೊತ್ತ ಲಾರಿಗಳು ನಿಷೇಧದ ದಿನಗಳಲ್ಲೂ ದೇಶದುದ್ದಕ್ಕೂ ಓಡಿದವು, ಓಡಲೇಬೇಕಿತ್ತು. ಹಲವು ಊರುಗಳ ಡಾಬಾಗಳಲ್ಲಿ ಇಳಿದು ಬರುವ ಲಾರಿ ಚಾಲಕನಿಗೆ ದಾರಿ ಇದೆ, ಸ್ಟ್ರೆಚರ್ ಮೇಲೆ ಮಲಗಿ ನೇರ ಐಸಿಯುಗೆ ಹೋಗುವ ಹೃದ್ರೋಗಿಗೆ ಇಲ್ಲ ಎಂದರೆ ಅದು ಸೋಂಕಿನ ಲೆಕ್ಕಾಚಾರ ಆಗುವುದಿಲ್ಲ. ಆಸ್ಪತ್ರೆಗೆ ಬರುವವರನ್ನು ತಪಾಸಣೆ ಮಾಡುವುದು, ಪ್ರತ್ಯೇಕವಾಗಿಡುವುದು ಎಲ್ಲರಿಗಿಂತ ಸುಲಭ. ಆಂಬುಲೆನ್ಸ್ ಯಾವ ಬಾಗಿಲಿಗೆ ಬರುತ್ತದೆಂದು ಮೊದಲೇ ಗೊತ್ತಿರುತ್ತದಲ್ಲ.

ಬೇರೆ ರಾಜ್ಯದ ಜನರಿಗೆ ನಾವೇಕೆ ಆಸ್ಪತ್ರೆ ಕೊಡಬೇಕು, ಕೇರಳವೇ ಅಲ್ಲೊಂದು ಕಟ್ಟಲಿ ಎಂಬ ಮಾತು ಆಗ ಬಹಳ ಕೇಳಿಬಂತು. ಕೇರಳ ಕಟ್ಟಬೇಕಿತ್ತು, ನಿಜ. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ವರ್ಷಗಟ್ಟಲೆ ಅರೆಬರೆಯಾಗಿ ನಿಂತಿದ್ದು, ಗಡಿ ಮುಚ್ಚಿದ ಬಿಸಿಗೆ 2020ರ ಏಪ್ರಿಲ್‌ನಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ತನ್ನ ಉತ್ತರದ ತುದಿಯನ್ನು ಮರೆತ ತಪ್ಪು ತಿರುವನಂತಪುರದ್ದೇ. ಆದರೆ ಆ ತಪ್ಪಿನ ಶಿಕ್ಷೆ ಕುಂಬಳೆಯ ಕಿಡ್ನಿ ರೋಗಿಗೆ ಆಗಬೇಕೇ? ಇನ್ನೊಂದು ವಿಷಯ: ಮಂಗಳೂರಿನ ಖಾಸಗಿ ಆಸ್ಪತ್ರೆಗಳು ಕಾಸರಗೋಡಿನ ರೋಗಿಗಳಿಗೆ ದಾನ ಮಾಡುತ್ತಿರಲಿಲ್ಲ. ದಶಕಗಳಿಂದ ಆ ರೋಗಿಗಳು ಕಟ್ಟಿದ ಹಣದಿಂದಲೂ ಅವು ಬೆಳೆದಿವೆ.

ಕೇರಳ ಮಾತ್ರ ಉದಾರವಾಗಿತ್ತು ಎಂದು ಯಾರೂ ತಿಳಿಯಬೇಕಿಲ್ಲ. ಜುಲೈಯಲ್ಲಿ ಮಂಗಳೂರಿನಲ್ಲಿ ಸೋಂಕು ಏರಿದಾಗ ದಿನನಿತ್ಯದ ಓಡಾಟಕ್ಕೆ ತಡೆ ಹಾಕಿದ್ದು ಕಾಸರಗೋಡಿನ ಆಡಳಿತ. ಇನ್ನು ಪಾಸ್ ಬೇಡ, ನೋಂದಣಿ ಬೇಡ ಎಂದು ಆಗಸ್ಟ್‌ನಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ ರಾಜ್ಯಗಳಿಗೆ ಪತ್ರ ಬರೆದ ಮೇಲೆ ಕರ್ನಾಟಕ ತನ್ನ ಸೇವಾ ಸಿಂಧು ಜಾಲತಾಣದ ನೋಂದಣಿಯನ್ನು ಕೈಬಿಟ್ಟಿತು. 2021ರ ಫೆಬ್ರವರಿಯಲ್ಲಿ ಮತ್ತೆ ಗಡಿ ಬಿಗಿಯಾಯಿತು: ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ. ಆಗಸ್ಟ್‌ನಲ್ಲಿ ಎರಡೂ ಡೋಸ್ ಹಾಕಿಸಿಕೊಂಡವರಿಗೂ ಅದೇ ನಿಯಮ. ಒಂದು ಒಳ್ಳೆಯ ಬದಲಾವಣೆಯೆಂದರೆ ಈ ಸಲ ವಿನಾಯಿತಿ ಆದೇಶದೊಳಗೇ ಇತ್ತು: ಎರಡು ವರ್ಷದೊಳಗಿನ ಮಕ್ಕಳು, ಕುಟುಂಬದಲ್ಲಿ ಸಾವಾಗಿ ಅಥವಾ ತುರ್ತು ಚಿಕಿತ್ಸೆಗಾಗಿ ಬರುವವರು, ಸಾಂವಿಧಾನಿಕ ಹುದ್ದೆಯಲ್ಲಿರುವವರು. ವಿದ್ಯಾರ್ಥಿಗಳು, ಕೆಲಸಕ್ಕೆ ದಿನವೂ ಬಂದುಹೋಗುವವರು 15 ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ಈ ಕೊನೆಯ ರಿಯಾಯಿತಿಯೇ ನಿಯಮದ ಟೊಳ್ಳನ್ನು ತೋರಿಸುತ್ತದೆ. ಮೂರು ದಿನಕ್ಕೆ ಹಳಸುವ ವರದಿ ದಿನವೂ ಬಸ್ಸು ಹತ್ತುವವರಿಗೆ ಮಾತ್ರ ಹದಿನೈದು ದಿನ ಹೇಗೆ ತಾಜಾ ಉಳಿಯಿತು? ವೈದ್ಯಕೀಯವಾಗಿ ಅದಕ್ಕೆ ಉತ್ತರವಿಲ್ಲ. ಆಡಳಿತಕ್ಕೂ ಗೊತ್ತಿತ್ತು, ಇವರನ್ನು ನಿಲ್ಲಿಸಿದರೆ ಮಂಗಳೂರಿನ ಅಂಗಡಿ, ಕಾಲೇಜು, ಆಸ್ಪತ್ರೆಗಳೇ ನಿಲ್ಲುತ್ತವೆ ಎಂದು. ಹಾಗಿದ್ದರೆ ಅದನ್ನು ನೇರವಾಗಿ ಒಪ್ಪಿ ಗುರುತಿನ ಚೀಟಿಯ ಮೇಲೆ ಬಿಡಬಹುದಿತ್ತು. ದಿನಗೂಲಿಯವರನ್ನು ಪರೀಕ್ಷೆಯ ಸಾಲಿನಲ್ಲಿ ನಿಲ್ಲಿಸಬೇಕಿರಲಿಲ್ಲ.

ವಿನಾಯಿತಿ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಸುಳ್ಳು ಪ್ರಮಾಣಪತ್ರ ಹುಟ್ಟಿಕೊಳ್ಳುತ್ತದೆ, ಪ್ರಭಾವಿಗಳ ಕಾರು ನುಸುಳುತ್ತದೆ. ಆದರೆ ಬರೆದಿಟ್ಟ ವಿನಾಯಿತಿ ಇಲ್ಲದ ಕಡೆ ನುಸುಳುವಿಕೆ ನಿಲ್ಲುವುದಿಲ್ಲ, ಗುಡ್ಡದ ಕಾಲುದಾರಿಗಳಿಗೆ ಹೋಗುತ್ತದೆ. ಅಲ್ಲಿ ಹೆಸರು ಬರೆದುಕೊಳ್ಳುವವರೂ ಇಲ್ಲ, ಜ್ವರ ನೋಡುವವರೂ ಇಲ್ಲ. ಆಸ್ಟ್ರೇಲಿಯದಲ್ಲಿ 2020ರ ಜುಲೈನಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ನಡುವಿನ ಗಡಿ ಮುಚ್ಚಿತು, 1919ರ ಇನ್‌ಫ್ಲುಯೆಂಜಾದ ನಂತರ ಮೊದಲ ಸಲ. ನದಿಯ ಆಚೀಚೆ ಇರುವ ಆಲ್ಬರಿ ಮತ್ತು ವೊಡೊಂಗಾ ಊರುಗಳಿಗೆ ಆಸ್ಪತ್ರೆ ವ್ಯವಸ್ಥೆ ಒಂದೇ. ಅಲ್ಲಿ ಗಡಿಯ ಎರಡೂ ಕಡೆಯ ನಿವಾಸಿಗಳನ್ನು ಗುರುತಿಸಿ ಪರ್ಮಿಟ್ ಕೊಟ್ಟರು. ಸಾಲು, ಗೊಂದಲ, ಬೈಗುಳ ಅಲ್ಲೂ ಇದ್ದವು. ಆದರೆ ಗಡಿಯವರು ಬೇರೆಯೇ ಒಂದು ವರ್ಗ ಎಂದು ಸರ್ಕಾರ ಒಪ್ಪಿಕೊಂಡಿತ್ತು.

ನಮಗೆ ಬೇಕಾದ್ದೂ ಅಷ್ಟೇ, ಅದಕ್ಕೆ ಹೊಸ ಕಾನೂನು ಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು. ದಕ್ಷಿಣ ಕನ್ನಡದ ಯೋಜನೆಯಲ್ಲೂ ಕಾಸರಗೋಡಿನ ಯೋಜನೆಯಲ್ಲೂ ಒಂದೇ ಪಠ್ಯದ ಅಧ್ಯಾಯ ಸೇರಲಿ: ಯಾವ ರಸ್ತೆ ಎಂದಿಗೂ ಮುಚ್ಚುವುದಿಲ್ಲ, ಯಾವ ರೋಗಿಗೆ ಯಾವ ಕಾಗದ ಸಾಕು, ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು. ಜಿಲ್ಲೆಗಳಿಂದ ಆಗದಿದ್ದರೆ ದಕ್ಷಿಣ ವಲಯ ಮಂಡಳಿ ಇದೆ. ಕಾಸರಗೋಡನ್ನು ಆಚೆ ದಾಟಿಸಿದ 1956ರ ಅದೇ ಕಾಯ್ದೆ, ನೆರೆರಾಜ್ಯಗಳು ಕೂತು ಮಾತಾಡಲೆಂದು ಆ ಮಂಡಳಿಯನ್ನೂ ಹುಟ್ಟುಹಾಕಿತು. ಎರಡೂ ಕಡೆಯ ಶಾಸಕರು, ಸಂಸದರು ಈ ವಿಷಯವನ್ನು ಅದರ ಮುಂದಿನ ಸಭೆಗೆ ಒಯ್ಯಬೇಕು, ಮುಂದಿನ ಸೋಂಕು ಬರುವ ಮೊದಲೇ.