ಎತ್ತಿನ ಹಿಂಗಾಲು ಸೆಟೆದರೆ ಬರೆ ಹಾಕಬೇಡಿ

ಮುಂಜಾನೆ ಕೊಟ್ಟಿಗೆಯಿಂದ ಹೊರಗೆ ಹೊಡೆದಾಗ ಕೆಲವು ಎತ್ತುಗಳ ಒಂದು ಹಿಂಗಾಲು ಕೋಲಿನಂತೆ ಸೆಟೆದು ಹಿಂದೆಯೇ ಉಳಿಯುತ್ತದೆ. ಗೊರಸಿನ ತುದಿ ನೆಲಕ್ಕೆ ಉಜ್ಜುತ್ತದೆ. ನಾಲ್ಕಾರು ಹೆಜ್ಜೆ ಎಳೆದ ಮೇಲೆ ಕಾಲು ತಟ್ಟನೆ ಬಿಡಿಸಿಕೊಂಡು ಝಾಡಿಸಿದಂತೆ ಮೇಲಕ್ಕೆ ಬರುತ್ತದೆ. ಸ್ವಲ್ಪ ದೂರ ನಡೆದರೆ ಎತ್ತು ಸರಿಹೋದಂತೆ ಕಾಣುತ್ತದೆ. ಮರುದಿನ ಮತ್ತೆ ಅದೇ ಪಾಡು.

ಇದನ್ನು ವಾತವೆಂದು ತಿಳಿದು ಅನೇಕರು ಬರೆ ಹಾಕಿಸುತ್ತಾರೆ. ಗುಣ ಕಾಣದಿದ್ದಾಗ ಸಿಕ್ಕಿದ ಬೆಲೆಗೆ ಎತ್ತನ್ನು ಮಾರಿಬಿಡುತ್ತಾರೆ. ಆದರೆ ಇದು ವಾತವಲ್ಲ, ಮಂಡಿಚಿಪ್ಪು ಸಿಕ್ಕಿಕೊಳ್ಳುವ ತೊಂದರೆ. ಚಿಕ್ಕದೊಂದು ಶಸ್ತ್ರಚಿಕಿತ್ಸೆಯಿಂದ ಇಂಥ ಎತ್ತುಗಳಲ್ಲಿ ಹೆಚ್ಚಿನವು ಮತ್ತೆ ನೊಗಕ್ಕೆ ಹೆಗಲು ಕೊಡುತ್ತವೆ.

ಕಾರಣ

ಹಿಂಗಾಲಿನ ಮಂಡಿಯಲ್ಲಿ ತೊಡೆಮೂಳೆಯ ತುದಿಯ ಮೇಲೆ ಚಿಪ್ಪೊಂದು ಮೇಲೆ ಕೆಳಗೆ ಜಾರುತ್ತದೆ. ಅದನ್ನು ಕೆಳಗಿನ ಮೂಳೆಗೆ ಮೂರು ರಜ್ಜುಗಳು ಹಿಡಿದಿರುತ್ತವೆ. ಕಾಲು ನೀಡಿದಾಗ ಚಿಪ್ಪು ತೀರ ಮೇಲೇರಿದರೆ, ಒಳಬದಿಯ ರಜ್ಜು ತೊಡೆಮೂಳೆಯ ದಿಂಡಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಆಗ ಮಂಡಿಯೂ ಅದರ ಕೆಳಗಿನ ಹಿಮ್ಮಡಿ ಕೀಲೂ ಮಡಿಸಲು ಬಾರವು. ದುಡಿಯುವ ಎತ್ತು, ಹಸು, ಎಮ್ಮೆಗಳಲ್ಲಿ ಈ ತೊಂದರೆ ಕಂಡುಬರುತ್ತದೆ. ಚಳಿಗಾಲದಲ್ಲಿ ಹೆಚ್ಚು.

ಗುರುತಿಸುವ ಬಗೆ

1. ವಿಶ್ರಾಂತಿಯ ನಂತರದ ಮೊದಲ ಹೆಜ್ಜೆಗಳಲ್ಲಿ ಕಾಲು ಸೆಟೆಯುತ್ತದೆ.
2. ಗೊರಸಿನ ಮುಂತುದಿ ಸವೆದಿರುತ್ತದೆ.
3. ಜ್ವರವಿಲ್ಲ; ಸಾಮಾನ್ಯವಾಗಿ ಬಾವು, ಬಿಸಿ ಇರುವುದಿಲ್ಲ; ಮೇವು, ಮೆಲುಕು ಎಂದಿನಂತೆ ಇರುತ್ತವೆ.
4. ಪ್ರಾಣಿಯನ್ನು ಒಂದೆರಡು ಹೆಜ್ಜೆ ಹಿಂದಕ್ಕೆ ನಡೆಸಿದರೆ ಕಾಲು ಬಿಡಿಸಿಕೊಳ್ಳುವುದುಂಟು.

ಎಲ್ಲ ಕುಂಟೂ ಇದೇ ಅಲ್ಲ. ಪ್ರಾಯದ ಕರುವಿಗೆ ಇದ್ದಕ್ಕಿದ್ದಂತೆ ಜ್ವರ ಬಂದು, ತೊಡೆ ಬಾತು, ಒತ್ತಿದರೆ ಚರಚರ ಸದ್ದಾದರೆ ಅದು ಚಪ್ಪೆ ರೋಗವಿರಬಹುದು. ಒಂದು ಗಳಿಗೆಯೂ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಕೀಲು ಬಾತು ಬಿಸಿಯಾಗಿದ್ದರೆ, ಗೊರಸಿನ ಸಂದಿಯಲ್ಲಿ ಹುಣ್ಣಿದ್ದರೆ, ಕಾಲು ನೆಲಕ್ಕೆ ಊರಲಾಗದಿದ್ದರೆ ಕಾರಣ ಬೇರೆ; ಚಿಕಿತ್ಸೆಯೂ ಬೇರೆ.

ಚಿಕಿತ್ಸೆ

ಪಶುವೈದ್ಯರು ಮಂಡಿಯ ಒಳಬದಿಗೆ ಮರಗಟ್ಟುವ ಮದ್ದು ಚುಚ್ಚಿ, ಸಣ್ಣ ಗಾಯ ಮಾಡಿ, ಸಿಕ್ಕಿಕೊಳ್ಳುವ ಆ ಒಂದು ರಜ್ಜನ್ನು ಕತ್ತರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಉಳಿದೆರಡು ರಜ್ಜುಗಳು ಚಿಪ್ಪನ್ನು ಹಿಡಿದಿರುತ್ತವೆ. ಎತ್ತು ಎದ್ದು ನಡೆದಾಗಲೇ ಫಲ ತಿಳಿಯುತ್ತದೆ. ಎರಡೂ ಕಾಲುಗಳಲ್ಲಿ ತೊಂದರೆಯಿದ್ದರೆ ಎರಡಕ್ಕೂ ಮಾಡಬೇಕಾಗುತ್ತದೆ.

ಆಮೇಲೆ ಕೊಟ್ಟಿಗೆ ಒಣಗಿರಲಿ, ಗಾಯಕ್ಕೆ ನೊಣ ಕೂರದಿರಲಿ. ಧನುರ್ವಾಯು ತಡೆಯುವ ಚುಚ್ಚುಮದ್ದನ್ನು ಕೇಳಿ ಹಾಕಿಸಿ. ಎರಡು ವಾರವಾದರೂ ನೇಗಿಲಿಗೆ, ಗಾಡಿಗೆ ಹೂಡಬೇಡಿ.

ಬರೆಯ ಕೇಡು

ಬರೆಯಿಂದ ಸಿಕ್ಕಿದ ರಜ್ಜು ಬಿಡುವುದಿಲ್ಲ. ಸುಟ್ಟ ಗಾಯಕ್ಕೆ ಹುಳು ಬೀಳುತ್ತದೆ, ತೊಗಲು ಕೆಡುತ್ತದೆ, ಮುಂದೆ ಶಸ್ತ್ರಚಿಕಿತ್ಸೆಗೂ ಅಡ್ಡಿಯಾಗುತ್ತದೆ. ಮೂಕಪ್ರಾಣಿಗೆ ನೋವೊಂದೇ ಲಾಭ.

ಕುದುರೆಯ ಮಾತು

ಕುದುರೆ ನಿಂತೇ ತೂಕಡಿಸುವುದು ಇದೇ ಚಿಪ್ಪನ್ನು ಬೇಕೆಂದಾಗ ಸಿಕ್ಕಿಸಿ, ಬೇಡವಾದಾಗ ಬಿಡಿಸಿಕೊಂಡು. ತೊಡೆಯ ಮಾಂಸಖಂಡ ಸೊರಗಿದ ಎಳೆಯ ಸವಾರಿ ಕುದುರೆಗಳಲ್ಲಿ, ಬಹುದಿನ ಲಾಯದಲ್ಲೇ ಕಟ್ಟಿದವುಗಳಲ್ಲಿ ಅದು ಬಿಡಿಸಿಕೊಳ್ಳದೆ ಹೋಗಬಹುದು. ಆದರೆ ಕುದುರೆಗೆ ಎತ್ತಿನಂತೆ ಮೊದಲೇ ಕತ್ತಿ ಹಾಕುವುದಿಲ್ಲ. ರಜ್ಜು ಕತ್ತರಿಸಿದ ನಂತರ ಚಿಪ್ಪಿನ ಅಂಚು ಒಡೆಯುವ ಭಯವುಂಟು. ಒಳ್ಳೆಯ ಮೇವು, ಗೊರಸಿನ ಸಮತೋಲ, ದಿನವೂ ಕ್ರಮವಾದ ನಡಿಗೆಯಿಂದ ತೊಡೆ ಬಲಿತರೆ ಅನೇಕ ಕುದುರೆಗಳು ತಾವೇ ಸರಿಹೋಗುತ್ತವೆ.

ನಿಮ್ಮ ಎತ್ತು ಕಾಲು ಸೆಟೆದರೆ ಸಂತೆಯ ದಾರಿ ಹಿಡಿಯುವ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ, ಇಲ್ಲವೆ ಸಂಚಾರಿ ಪಶು ಚಿಕಿತ್ಸೆಗಾಗಿ 1962ಕ್ಕೆ ಕರೆ ಮಾಡಿ. ಜೋಡಿ ಒಡೆದರೆ ಸರಿಜೋಡಿ ಎತ್ತು ಸಿಗುವುದು ಸುಲಭವಲ್ಲ.