ಕಾಟಾ ಚೀಟಿ ತೆಗೆಯುವ ತಮ್ಮನಿಗೆ

ತಮ್ಮಾ, ರಾಯಚೂರಿನ ಜಿನ್ನಿಂಗ್ ಮಿಲ್ಲಿನ ವೇ ಬ್ರಿಡ್ಜ್ ಕೋಣೆಯಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಕೇಳಿ ಬಹಳ ಸಂತೋಷವಾಯಿತು. ಹಳೆಯ ಕಂಪ್ಯೂಟರ್ ತೆಗೆದು ಹೊಸದು ಕೂಡಿಸಿದ್ದಾರೆ, ಸಾಫ್ಟ್‌ವೇರೂ ಹೊಸದು, ಸೆಟ್ಟಿಂಗ್ ಎಲ್ಲ ನನ್ನ ತಲೆಗೇ ಬಂದಿದೆ ಅಂದೆಯಲ್ಲ, ಅದಕ್ಕೇ ಹತ್ತಿ ಬರುವ ಮುಂಚೆ ನಾಲ್ಕು ಮಾತು ಹೇಳಿಬಿಡುತ್ತೇನೆ. ದೇವದುರ್ಗದ ಕಡೆಯ ಗಾಡಿಗಳು ಗಬ್ಬೂರು, ಕಲ್ಮಲಾ ದಾಟಿ ಸಾಲು ಹಚ್ಚಿದವೆಂದರೆ ನಿನಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಆಗ ಸೆಟ್ಟಿಂಗ್ ಪುಟ ತೆರೆದು ನೋಡುವವರು ಯಾರು?

ಮೊದಲು ಒಂದು ತಿಳಿದುಕೋ. ತೂಕ ಹುಟ್ಟುವುದು ಪ್ಲಾಟ್‌ಫಾರ್ಮಿನ ಕೆಳಗಿರುವ ಲೋಡ್ ಸೆಲ್‌ಗಳಲ್ಲಿ. ಅದನ್ನು ಅಂಕಿ ಮಾಡಿ ತೋರಿಸುವುದು ಇಂಡಿಕೇಟರ್. ಇವೆರಡಕ್ಕೂ ಸರ್ಕಾರದ ಕಾವಲಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಅದರ ಕೆಳಗೆ ಬಂದ 2011ರ ನಿಯಮಗಳ ಪ್ರಕಾರ ವೇ ಬ್ರಿಡ್ಜನ್ನು 12 ತಿಂಗಳಿಗೊಮ್ಮೆ ಮರುಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಬೇಕು. ಆದರೆ ಇಂಡಿಕೇಟರಿನಿಂದ ಹೊರಟ ವೈರು ನಿನ್ನ ಕಂಪ್ಯೂಟರಿಗೆ ಬಂದು ಚೀಟಿಯಾಗಿ ಹೊರಬೀಳುವವರೆಗಿನ ದಾರಿಯಲ್ಲಿ ಸೀಸದ ಮುದ್ರೆ ಎಲ್ಲಿಯೂ ಕಾಣುವುದಿಲ್ಲ. ಅಲ್ಲಿ ಇರುವುದು ನೀನು ಹಾಕಿದ ಸೆಟ್ಟಿಂಗ್ ಮಾತ್ರ. ರೈತ ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಇಂಡಿಕೇಟರಿನ ಅಂಕಿಯನ್ನಲ್ಲ, ನಿನ್ನ ಚೀಟಿಯನ್ನು. ನಿಮ್ಮ ಅಪ್ಪ ಜಾಲಹಳ್ಳಿ ಕಡೆಯ ಹೊಲದಿಂದ ಹತ್ತಿ ತಂದು ಇಂಥದೇ ಕಿಟಕಿಯ ಮುಂದೆ ಚೀಟಿಗೆ ಕೈಚಾಚಿ ನಿಂತವರು. ನಿನಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ.

ಹಾಗಾಗಿ ಎಲ್ಲಕ್ಕಿಂತ ಮೊದಲು ತೂಕವನ್ನು ಕೈಯಿಂದ ಟೈಪ್ ಮಾಡುವ ಅವಕಾಶವನ್ನು ಮುಚ್ಚು. ಹೆಚ್ಚಿನ ಸಾಫ್ಟ್‌ವೇರಿನಲ್ಲಿ ‘ಮ್ಯಾನ್ಯುಯಲ್ ಎಂಟ್ರಿ’ ಅಂತ ಒಂದು ಆಯ್ಕೆ ಇರುತ್ತದೆ. ಕೇಬಲ್ ಕೆಟ್ಟ ದಿನ ಬೇಕಾಗುತ್ತದೆ ಅಂತ ಅದನ್ನು ತೆರೆದಿಡುತ್ತಾರೆ, ಆಮೇಲೆ ಅದು ದಿನವೂ ಬೇಕಾಗುತ್ತದೆ. ಅದರ ಕೀಲಿ ಮಾಲಕರ ಪಾಸ್‌ವರ್ಡಿನಲ್ಲಿ ಇರಲಿ, ನಿನ್ನದರಲ್ಲಿ ಬೇಡ. ಇದು ನಿನ್ನ ಮೇಲಿನ ಅಪನಂಬಿಕೆಯ ಮಾತಲ್ಲ. ರಾತ್ರಿ ಎರಡಕ್ಕೆ ಯಾರಾದರೂ ಕಿಟಕಿಗೆ ಬಂದು ‘ಒಂದು ಐವತ್ತು ಕೆಜಿ ನೋಡಿ ಹಾಕಪಾ’ ಅಂದಾಗ, ‘ನನ್ನ ಕೈಯಲ್ಲಿ ಆಗುವುದೇ ಇಲ್ಲ’ ಅಂತ ನೀನು ನಿಜವನ್ನೇ ಹೇಳಬಹುದು. ಕೈಯಿಂದ ಬರೆದ ತೂಕವೇ ಅನಿವಾರ್ಯವಾದ ದಿನ ಚೀಟಿಯ ಮೇಲೆ ‘ಕೈಬರಹದ ತೂಕ’ ಎಂಬ ಮಾತು ತಾನಾಗಿ ಅಚ್ಚಾಗುವಂತೆ ಮಾಡಿಸು.

ಇಂಡಿಕೇಟರನ್ನು ಜೋಡಿಸುವ ಪುಟಕ್ಕೆ ಬಾ. ಕಾಮ್ ಪೋರ್ಟ್, ಬಾಡ್ ರೇಟ್, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್ ಎಲ್ಲವೂ ಇಂಡಿಕೇಟರಿನ ಒಳಗೆ ಇರುವಂತೆಯೇ ಇಲ್ಲಿಯೂ ಇರಬೇಕು. ಊಹೆಯ ಮೇಲೆ ಒಂದೊಂದೇ ಬದಲಿಸಿ ಅಂಕಿ ಮೂಡಿದ ಕೂಡಲೇ ‘ಆಯಿತು’ ಅನ್ನಬೇಡ. ಇಂಡಿಕೇಟರಿನ ಕೈಪಿಡಿ ಕೇಳಿ ತರಿಸಿಕೋ. ಕೆಲವು ಇಂಡಿಕೇಟರುಗಳು ಅಂಕಿಗಳನ್ನು ಹಿಂದುಮುಂದಾಗಿ ಕಳಿಸುತ್ತವೆ. ಆ ಆಯ್ಕೆ ತಪ್ಪಿದರೆ ಅಲ್ಲಿ 2540 ಇದ್ದದ್ದು ನಿನ್ನ ಪರದೆಯ ಮೇಲೆ ಬೇರೆಯೇ ಅಂಕಿಯಾಗಿ ಮೂಡಬಹುದು. ಪರೀಕ್ಷೆಗೆ 5550ರಂಥ ತೂಕ ಸಾಲದು, ಪ್ರತಿ ಅಂಕಿಯೂ ಬೇರೆ ಇರುವ ತೂಕ ಬೇಕು. ಮೈನಸ್ ಗುರುತನ್ನೂ ನೋಡು. ಇಂಡಿಕೇಟರಿನಲ್ಲಿ ಮೈನಸ್ 20 ಇದ್ದರೆ ಕಂಪ್ಯೂಟರೂ ಮೈನಸ್ 20 ಅನ್ನಬೇಕು. ಗುರುತು ಬಿದ್ದುಹೋಗಿ ಬರೀ 20 ಆದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಹಾಳು. ಯುಎಸ್‌ಬಿ ಕನ್ವರ್ಟರ್ ಹಚ್ಚಿದ್ದರೆ ಅದನ್ನು ಯಾವ ತೂತಿನಲ್ಲಿ ಚುಚ್ಚಿದ್ದೀಯೋ ಅಲ್ಲೇ ಬಿಡು. ಜಾಗ ಬದಲಾದರೆ ಪೋರ್ಟಿನ ನಂಬರೂ ಬದಲಾಗಬಹುದು.

ಈಗ ಎರೆಮಣ್ಣಿನ ಮಾತು. ನಮ್ಮ ಕಡೆಯ ಮಣ್ಣು ನಿನಗೆ ಗೊತ್ತು, ಒಂದು ಮಳೆ ಬಿದ್ದರೆ ಟ್ರ್ಯಾಕ್ಟರ್ ಗಾಲಿಗೆ ಹೆಂಟೆ ಹೆಂಟೆಯಾಗಿ ಹತ್ತಿಕೊಂಡು ಬರುತ್ತದೆ, ಪ್ಲಾಟ್‌ಫಾರ್ಮಿನ ಮೇಲೆ ಉದುರುತ್ತದೆ. ಒಂದು ಗಾಡಿ ಭರ್ತಿ ತೂಕಕ್ಕೆ ನಿಂತಾಗ ಕಾಟಾ ಸ್ವಚ್ಛವಾಗಿತ್ತು ಅನ್ನು. ಅದು ಹತ್ತಿ ಇಳಿಸಿ ಖಾಲಿ ತೂಕಕ್ಕೆ ಬರುವಷ್ಟರಲ್ಲಿ ಬೇರೆ ಗಾಡಿಗಳ ಮಣ್ಣು 30 ಕೆಜಿ ಬಿದ್ದಿದೆ. ಖಾಲಿ ತೂಕದಲ್ಲಿ 30 ಕೆಜಿ ಹೆಚ್ಚು ಬಂತು, ರೈತನ ಹತ್ತಿಯಲ್ಲಿ 30 ಕೆಜಿ ಹೋಯಿತು. ಭರ್ತಿ ತೂಕದ ಹೊತ್ತಿಗೆ ಮಣ್ಣಿದ್ದು ನಡುವೆ ಗುಡಿಸಿದರೆ ಇದೇ ಲೆಕ್ಕ ತಿರುಗಿ ಮಿಲ್ಲಿಗೆ ನಷ್ಟ. ಇಬ್ಬರಿಗೂ ಅನ್ಯಾಯವಾಗದ ದಾರಿ ಒಂದೇ: ಒಂದು ತೂಕ ಮುಗಿದು ಕಾಟಾ ಶೂನ್ಯಕ್ಕೆ ಬರದ ಹೊರತು ಮುಂದಿನ ತೂಕವನ್ನು ಸಾಫ್ಟ್‌ವೇರ್ ಒಪ್ಪಬಾರದು. ಆ ಆಯ್ಕೆ ಇದ್ದರೆ ಹಾಕು, ಇಲ್ಲದಿದ್ದರೆ ಹಾಕಿಕೊಡಲು ಸಾಫ್ಟ್‌ವೇರ್ ಕಂಪನಿಯವರಿಗೆ ಹೇಳು. ಕೋಣೆಯ ಹೊರಗೆ ಒಂದು ಸಲಿಕೆ, ಒಂದು ಗಟ್ಟಿ ಪೊರಕೆ ಸದಾ ಇರಲಿ. ಮಣ್ಣಿದ್ದಾಗಲೇ ಝೀರೋ ಗುಂಡಿ ಒತ್ತುವ ರೂಢಿಯನ್ನು ಮಾತ್ರ ಮಾಡಿಕೊಳ್ಳಬೇಡ.

ತೂಕ ನಿಂತ ಮೇಲೆಯೇ ಚೀಟಿ ಹೊರಡಬೇಕು. ಹತ್ತಿ ಅಂಡಿಗೆಗಳನ್ನು ಎತ್ತರಕ್ಕೆ ಏರಿಸಿದ ಗಾಡಿ ಗಾಳಿಗೆ ತೂಗುತ್ತದೆ, ಟ್ರ್ಯಾಕ್ಟರ್ ಎಂಜಿನ್ ಚಾಲೂ ಇದ್ದರೆ ಅಂಕಿ ಕುಣಿಯುತ್ತದೆ. ಇಂಡಿಕೇಟರ್ ‘ಸ್ಟೇಬಲ್’ ಅಂದ ಮೇಲೆ ಮಾತ್ರ ತೂಕ ಹಿಡಿಯುವ ಸೆಟ್ಟಿಂಗ್ ಇರಲಿ. ಎಂಜಿನ್ ಬಂದ್ ಮಾಡಿಸು. ಡ್ರೈವರ್ ಭರ್ತಿ ತೂಕದಲ್ಲಿ ಗಾಡಿಯಲ್ಲೇ ಕುಳಿತಿದ್ದರೆ ಖಾಲಿ ತೂಕದಲ್ಲೂ ಕೂರಲಿ.

ಇಂಡಿಕೇಟರಿನ ಫಲಕದ ಮೇಲೆ ಗರಿಷ್ಠ, ಕನಿಷ್ಠ ತೂಕದ ಜೊತೆಗೆ ‘ಇ’ ಅಕ್ಷರದ ಮುಂದೆ ಒಂದು ಅಂಕಿ ಬರೆದಿರುತ್ತದೆ. 60 ಟನ್ನಿನ ಕಾಟಾದಲ್ಲಿ ಅದು ಸಾಮಾನ್ಯವಾಗಿ 10 ಕೆಜಿ. ಅಂದರೆ ಆ ಕಾಟಾ 10 ಕೆಜಿಯ ಹೆಜ್ಜೆಯಲ್ಲಿ ಮಾತ್ರ ಎಣಿಸುತ್ತದೆ. 2025–26ರಲ್ಲಿ ಉದ್ದ ಎಳೆಯ ಹತ್ತಿಗೆ ಕೇಂದ್ರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 8,110 ರೂಪಾಯಿ, ಆ ಲೆಕ್ಕದಲ್ಲಿ ಒಂದು ಹೆಜ್ಜೆಗೆ 811 ರೂಪಾಯಿ. ಸಾಫ್ಟ್‌ವೇರಿನಲ್ಲಿ ‘ರೌಂಡ್ ಆಫ್’ ಅಂತ ಇನ್ನೊಂದು ಆಯ್ಕೆ ಇದ್ದು, 20ಕ್ಕೋ 50ಕ್ಕೋ ಕೂಡಿಸುತ್ತಿದ್ದರೆ ಅದನ್ನು ಇವತ್ತೇ ತೆಗೆ. ಕಾಟಾ ಹೇಳಿದ್ದು ಎಷ್ಟೋ ಚೀಟಿಯಲ್ಲಿ ಅಷ್ಟೇ. ಹಾಗೆಯೇ 10 ಕೆಜಿ ಹೆಜ್ಜೆಯ ಕಾಟಾದಲ್ಲಿ 200 ಕೆಜಿಗಿಂತ ಕಡಿಮೆ ಮಾಲು ತೂಗಲೇಬಾರದು. ಆಟೋದಲ್ಲಿ ಎರಡು ಅಂಡಿಗೆ ತಂದ ಬಡ ರೈತನಿಗೆ ಸಣ್ಣ ತಕ್ಕಡಿ ತೋರಿಸು.

ಗಾಡಿ ನಂಬರಿನ ವಿಷಯದಲ್ಲಿ ರಾಯಚೂರಿಗೆ ತನ್ನದೇ ತೊಡಕುಗಳಿವೆ. ನಮ್ಮದು ಕೆಎ 36. ಆದರೆ ಗದ್ವಾಲ ಕಡೆಯಿಂದ ಬರುವ ಹಳೆಯ ಗಾಡಿಗಳು ಟಿಎಸ್, 2024ರ ಮಾರ್ಚ್ ನಂತರದವು ಟಿಜಿ. ಆಂಧ್ರದಲ್ಲಿ ಜಿಲ್ಲೆಗೊಂದು ನಂಬರ್ ಇದ್ದದ್ದು ಹೋಗಿ 2019ರಲ್ಲಿ ಇಡೀ ರಾಜ್ಯಕ್ಕೆ ಎಪಿ 39ರ ಸರಣಿ ಬಂತು. ನಂಬರಿನ ಮಾದರಿ ತಪಾಸಣೆ ಮಾಡುವ ಸೆಟ್ಟಿಂಗ್ ಇವನ್ನೆಲ್ಲ ಒಪ್ಪುತ್ತದೋ ಇಲ್ಲವೋ ಒಂದೊಂದನ್ನು ಹೊಡೆದು ನೋಡು. ಇನ್ನು ಟ್ರ್ಯಾಕ್ಟರಿನ ಎಂಜಿನ್ನಿಗೆ ಒಂದು ನಂಬರ್, ಟ್ರಾಲಿಗೆ ಇನ್ನೊಂದು. ಒಬ್ಬ ಒಂದು ಟ್ರಾಲಿ ಬಿಟ್ಟು, ಅದೇ ಎಂಜಿನ್ನಿಗೆ ಅಣ್ಣನ ಟ್ರಾಲಿ ಕಟ್ಟಿ ಮತ್ತೆ ಬರುತ್ತಾನೆ. ಎಂಜಿನ್ ನಂಬರಿನಿಂದಲೇ ಹಳೆಯ ಭರ್ತಿ ತೂಕ ಹುಡುಕಿದರೆ ಒಬ್ಬನ ಹತ್ತಿಗೆ ಇನ್ನೊಬ್ಬನ ಖಾಲಿ ತೂಕ ಅಂಟುತ್ತದೆ. ಎರಡೂ ನಂಬರಿಗೆ ಬೇರೆ ಬೇರೆ ಜಾಗ ಮಾಡು, ಎರಡನೇ ತೂಕವನ್ನು ಮೊದಲ ಚೀಟಿಯ ನಂಬರಿನಿಂದ ಮಾತ್ರ ತೆರೆ. ಗಾಡಿಯ ಖಾಲಿ ತೂಕವನ್ನು ಒಮ್ಮೆ ಉಳಿಸಿಟ್ಟು ಪ್ರತಿ ಸಲ ಅದನ್ನೇ ಬಳಸುವ ಸೌಲಭ್ಯವೂ ಇರುತ್ತದೆ. ರೈತರ ಗಾಡಿಗೆ ಅದು ಬೇಡವೇ ಬೇಡ. ಡೀಸೆಲ್, ಮಣ್ಣು, ಹಗ್ಗ, ತಾಡಪಾಲು ಎಲ್ಲ ಪ್ರತಿ ಸಲ ಬೇರೆ.

ಲೋಡ್ ಆಗಿ ಹೋಗುವ ಲಾರಿಗಳಲ್ಲಿ, ಅಂದರೆ ಹತ್ತಿಕಾಳು, ಬೇಲ್ ಒಯ್ಯುವವುಗಳಲ್ಲಿ, ಖಾಲಿ ತೂಕ ಮೊದಲು ಬರುತ್ತದೆ. ಒಳಬರುವುದಕ್ಕೂ ಹೊರಹೋಗುವುದಕ್ಕೂ ಬೇರೆ ಬೇರೆ ಚೀಟಿ ಸರಣಿ ಇಡು. 2018ರ ಅಧಿಸೂಚನೆಯ ಪ್ರಕಾರ ಸಾಮಾನ್ಯ ಎರಡು ಆಕ್ಸಲ್ ಲಾರಿಗೆ ಒಟ್ಟು 18.5 ಟನ್, ಮೂರು ಆಕ್ಸಲ್‌ಗೆ 28.5 ಟನ್ ಮಿತಿ. ಲಾರಿಯ ಆರ್‌ಸಿಯಲ್ಲಿ ಇದ್ದದ್ದನ್ನು ಒಮ್ಮೆ ತುಂಬಿಟ್ಟರೆ ಮಿತಿ ದಾಟಿದಾಗ ಪರದೆಯೇ ಎಚ್ಚರಿಸುತ್ತದೆ. ಡ್ರೈವರ್ ಎಷ್ಟೇ ಕೈಮುಗಿದರೂ ಆ ಅಂಕಿ ತಿದ್ದಬೇಡ. ಹೆಚ್ಚಾದ ಮಾಲು ಇಳಿಸಿ ಕಳಿಸು, ಅದು ಅವನ ಜೀವಕ್ಕೂ ಒಳ್ಳೆಯದು.

ನನ್ನ ಮನಸ್ಸಿಗೆ ಬಹಳ ಹತ್ತಿರವಾದ ವಿಷಯ ಈಗ ಬಂತು: ಸೂಟ್. ಗಂಜ್ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವನು ನಾನು, ಈ ಎರಡಕ್ಷರಕ್ಕಾಗಿ ಆದ ಜಗಳಗಳನ್ನು ಕಣ್ಣಾರೆ ಕಂಡಿದ್ದೇನೆ. ತೇವಕ್ಕೆ ಇಷ್ಟು, ಕಸಕ್ಕೆ ಇಷ್ಟು ಅಂತ ಕ್ವಿಂಟಾಲಿಗೆ ಕೆಜಿ ಲೆಕ್ಕದಲ್ಲಿ ತೂಕವನ್ನೇ ಕಡಿಯುವ ರೂಢಿ ರೈತನಿಗೆ ಕಾಣದಂತೆ ನಡೆಯುತ್ತದೆ. ಸಾಫ್ಟ್‌ವೇರಿನಲ್ಲಿ ಇದಕ್ಕೆ ಒಂದು ಶೇಕಡಾ ಪೆಟ್ಟಿಗೆ ಇರುತ್ತದೆ. ಅದರಲ್ಲಿ 2 ಅಂತ ತುಂಬಿಟ್ಟರೆ ಸಾಕು, ಪ್ರತಿ ಚೀಟಿಯ ನಿವ್ವಳ ತೂಕದಿಂದ ಸದ್ದಿಲ್ಲದೆ ಅಷ್ಟು ಹೋಗುತ್ತದೆ, ನಿನಗೂ ಮರೆತುಹೋಗುತ್ತದೆ. ಆ ಪೆಟ್ಟಿಗೆಯಲ್ಲಿ ಸೊನ್ನೆ ಇಡು. ಭರ್ತಿ ತೂಕದಲ್ಲಿ ಖಾಲಿ ತೂಕ ಕಳೆದರೆ ಬರುವುದೇ ನಿವ್ವಳ ತೂಕ, ಅದಕ್ಕೆ ಬೇರೆ ಅರ್ಥ ಇರಕೂಡದು. ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಯಲ್ಲಿ ಕೊಳ್ಳುವಾಗ ಏನು ಮಾಡುತ್ತದೆ ನೋಡು: ಶೇ 8ರ ತೇವಕ್ಕೆ ಪೂರ್ತಿ ಬೆಲೆ, ಅಲ್ಲಿಂದ ಶೇ 12ರವರೆಗೆ ತೇವ ಏರಿದಂತೆ ಬೆಲೆಯಲ್ಲಿ ಕಡಿತ. ತೂಕ ತೂಕವಾಗಿಯೇ ಉಳಿಯುತ್ತದೆ. ಖಾಸಗಿ ವ್ಯವಹಾರದಲ್ಲೂ ಮಾಲಕರಿಗೂ ರೈತನಿಗೂ ಏನಾದರೂ ಕಡಿತ ಒಪ್ಪಿಗೆಯಾದರೆ ಅದು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ, ಕಾರಣದ ಜೊತೆ ಬರಲಿ. ಮಾಲಕರಿಗೆ ಇದನ್ನು ಹೇಳಲು ಹೆದರಬೇಡ. ತೂಕ ನೆಟ್ಟಗಿರುವ ಮಿಲ್ಲಿಗೆ ಗಾಡಿಗಳು ತಾವಾಗಿ ಬರುತ್ತವೆ, ಇದು ಅವರಿಗೂ ಗೊತ್ತು.

ಮಾನ್ವಿಯ ಅಕ್ಕಿ ಗಿರಣಿಯಲ್ಲಿ ನಿನ್ನ ಗೆಳೆಯ ಇದೇ ಕೆಲಸ ಮಾಡುತ್ತಾನಲ್ಲ, ಅವನಿಗೂ ಒಂದು ಮಾತು ತಲುಪಿಸು. ತುಂಗಭದ್ರಾ ಎಡದಂಡೆಯ ಕಾಲುವೆ ಸೀಮೆಯಲ್ಲಿ ಭತ್ತದ ವ್ಯಾಪಾರ 75 ಕೆಜಿ ಚೀಲದ ಲೆಕ್ಕದಲ್ಲಿ. ಸಾಫ್ಟ್‌ವೇರಿನಲ್ಲಿ ‘ಚೀಲದ ತೂಕ’ ಎಂಬ ಜಾಗದಲ್ಲಿ 75ರ ಬದಲು 76 ಬಿದ್ದರೆ ಏನಾಗುತ್ತದೆ, ಲೆಕ್ಕ ಹಾಕು. 10,000 ಕೆಜಿ ಭತ್ತ 75ರಂತೆ 133 ಚೀಲ ದಾಟುತ್ತದೆ, 76ರಂತೆ 132 ಕೂಡ ಆಗುವುದಿಲ್ಲ. ಕಳೆದದ್ದು ಒಂದೂ ಮುಕ್ಕಾಲು ಚೀಲ. 2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,369ರಂತೆ ಹಿಡಿದರೂ ಒಂದು ಲೋಡಿಗೆ 3,100 ರೂಪಾಯಿಗೂ ಮೇಲೆ. ಒಂದು ಅಂಕಿ, ಒಮ್ಮೆ ಒತ್ತಿದ್ದು, ಸುಗ್ಗಿ ತುಂಬ ಎಲ್ಲರಿಂದಲೂ ವಸೂಲಾಗುತ್ತದೆ. ಗೋಣಿಚೀಲದ ತೂಕ ಬೇರೆ ಕಳೆಯುವುದಿದ್ದರೆ ಅದನ್ನೂ ಬೇರೆ ಸಾಲಿನಲ್ಲೇ ತೋರಿಸಲಿ.

ಚೀಟಿ ಕನ್ನಡದಲ್ಲಿರಲಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕನ್ನಡ ಅಕ್ಷರ ಚಿತ್ರದಂತೆ ಮೂಡುವುದರಿಂದ ನಿಧಾನ, ಸಾಲು ನಿಂತಿರುವಾಗ ಬೇಸರ ಬರುತ್ತದೆ. ಅದಕ್ಕೆ ‘ಭರ್ತಿ ತೂಕ’, ‘ಖಾಲಿ ತೂಕ’, ‘ನಿವ್ವಳ ತೂಕ’, ‘ಊರು’ ಎಂಬ ಹೆಸರುಗಳನ್ನು ಪ್ರೆಸ್ಸಿನಲ್ಲಿ ಮೊದಲೇ ಅಚ್ಚು ಹಾಕಿಸಿದ ಕಾಗದ ತರಿಸು. ಪ್ರಿಂಟರ್ ತುಂಬಬೇಕಾದದ್ದು ಅಂಕಿ ಮತ್ತು ಹೆಸರು ಮಾತ್ರ. ಊರಿನ ಪಟ್ಟಿಯನ್ನು ಈಗಲೇ ಯೂನಿಕೋಡಿನಲ್ಲಿ ತುಂಬಿಡು: ಗಬ್ಬೂರು, ಜಾಲಹಳ್ಳಿ, ಅರಕೇರಾ, ನೀರಮಾನ್ವಿ, ಪೋತ್ನಾಳ, ಕುರ್ಡಿ, ಕವಿತಾಳ. ಆಯಾ ಹೊತ್ತಿಗೆ ತೋಚಿದಂತೆ ಇಂಗ್ಲಿಷಿನಲ್ಲಿ ಹೊಡೆದರೆ ಒಂದೇ ಗಬ್ಬೂರು ವರ್ಷದ ಕೊನೆಗೆ ಮೂರು ಊರಾಗಿ ನಿಂತಿರುತ್ತದೆ. ಗಂಜಿನ ಟೆಂಡರಿನಲ್ಲಿ ಕೊಂಡ ಮಾಲಾದರೆ ಲಾಟ್ ನಂಬರಿಗೂ ಒಂದು ಜಾಗ ಬೇಕು. ಬಿಲ್ಲಿನಂಥ ಕಾಗದದ ಥರ್ಮಲ್ ಪ್ರಿಂಟರ್ ಅಗ್ಗ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಹಣ ಕೈಗೆ ಬರುವವರೆಗೆ ರೈತ ಆ ಚೀಟಿ ಇಟ್ಟುಕೊಳ್ಳಬೇಕು, ನಮ್ಮ ರಾಯಚೂರಿನ ಬಿಸಿಲಿಗೆ ಅದರ ಅಕ್ಷರ ನಿಲ್ಲುವುದಿಲ್ಲ.

ಉಳಿದವು ಸಣ್ಣವು. ಕಂಪ್ಯೂಟರಿನ ತಾರೀಖು ದಿನ–ತಿಂಗಳು–ವರ್ಷದ ಕ್ರಮದಲ್ಲಿರಲಿ, ಅಮೆರಿಕದ ಕ್ರಮ ಇದ್ದರೆ ನವೆಂಬರ್ 5ರ ಹತ್ತಿ ಮೇ 11ಕ್ಕೆ ಹೋಗಿ ಕೂರುತ್ತದೆ. ರದ್ದಾದ ಚೀಟಿಯನ್ನು ಅಳಿಸದೆ ಕಾರಣ ಬರೆದು ಉಳಿಸು. ಎರಡನೇ ಸಲ ತೆಗೆದದ್ದರ ಮೇಲೆ ‘ನಕಲು’ ಅಂತ ಬರಲಿ. ಕರೆಂಟಿನ ಭರವಸೆ ಇಲ್ಲ, ಯುಪಿಎಸ್ ಬ್ಯಾಟರಿ ನೋಡಿಕೋ. ದಿನದ ಕೊನೆಗೆ ಡೇಟಾದ ಪ್ರತಿ ಪೆನ್‌ಡ್ರೈವಿಗೆ ಹೋಗಲಿ, ಆ ಪೆನ್‌ಡ್ರೈವ್ ಅದೇ ಟೇಬಲ್ಲಿನ ಖಾನೆಯಲ್ಲಿ ಇರದಿರಲಿ. ದೂರದಿಂದ ಕಂಪ್ಯೂಟರ್ ಹಿಡಿದು ರಿಪೇರಿ ಮಾಡಿಕೊಡುವ ಹುಡುಗ ಕೆಲಸ ಮುಗಿಸಿದ ಕೂಡಲೇ ಆ ಸಂಪರ್ಕ ಮುಚ್ಚು.

ಎಲ್ಲ ಆದ ಮೇಲೆ ಒಂದು ಲೋಡ್ ಲಾರಿ ತರಿಸಿ ಪ್ಲಾಟ್‌ಫಾರ್ಮಿನ ಈ ತುದಿಗೆ, ನಡುವೆ, ಆ ತುದಿಗೆ ನಿಲ್ಲಿಸಿ ತೂಗು. ಮೂರು ಕಡೆಯೂ ಒಂದೇ ಬರಬೇಕು. ಪ್ರತಿ ಸಲ ಇಂಡಿಕೇಟರ್, ಪರದೆ, ಚೀಟಿ ಮೂರನ್ನೂ ಹೋಲಿಸು. ತುದಿಗಳಲ್ಲಿ ಬೇರೆ ಬೇರೆ ಬಂದರೆ ಸಾಫ್ಟ್‌ವೇರಿನಲ್ಲಿ ಹುಡುಕಬೇಡ, ಅದು ಕೆಳಗಿನ ಲೋಡ್ ಸೆಲ್ಲುಗಳ ಕಡೆಯ ದೋಷ. ಲೈಸೆನ್ಸ್ ಇರುವ ರಿಪೇರಿಯವರನ್ನೇ ಕರೆಸಿ ಮತ್ತೆ ಮುದ್ರೆ ಹಾಕಿಸಬೇಕು. ಸರಿ ಬಂದರೆ ಪ್ರತಿ ಸೆಟ್ಟಿಂಗ್ ಪುಟದ ಫೋಟೋ ತೆಗೆದು, ತಾರೀಖು ಬರೆದು, ಒಂದು ಪ್ರತಿ ಮಾಲಕರಿಗೆ ಕೊಡು. ಮರುಪರಿಶೀಲನೆಯ ಸರ್ಟಿಫಿಕೇಟಿನ ಅವಧಿಯನ್ನೂ ನೋಡು. ಅದು ನವೆಂಬರ್, ಡಿಸೆಂಬರಿನ ಹತ್ತಿ ಕಾಲದಲ್ಲಿ ಮುಗಿಯುವಂತಿದ್ದರೆ ಈಗಲೇ ಇಲಾಖೆಗೆ ಅರ್ಜಿ ಹಾಕಿಸು. ದಸರೆಯೊಳಗೆ ಇಷ್ಟು ಮುಗಿಸಿ ಒಂದು ಫೋನ್ ಹಚ್ಚು, ಯಾವ ಆಯ್ಕೆ ನಿನ್ನ ಸಾಫ್ಟ್‌ವೇರಿನಲ್ಲಿ ಸಿಗಲಿಲ್ಲ ಅಂತ ಪಟ್ಟಿ ಮಾಡಿ ಇಟ್ಟುಕೊಂಡಿರು, ಕಂಪನಿಯವರಿಗೆ ಏನು ಬರೆಯಬೇಕೋ ಇಬ್ಬರೂ ಕೂಡಿ ಬರೆಯೋಣ.