ಪಾಯಿಂಟರ್ ಲೋಕದ ಎರಡು ಸೊನ್ನೆಗಳು

ಲಿನಕ್ಸ್ ಕರ್ನಲ್‌ನಲ್ಲಿ ಒಂದು ಒಂಟಿ ಸಾಲಿನ ಮ್ಯಾಕ್ರೋ ಇದೆ. ತನಗೆ ಕೊಟ್ಟ ಎಕ್ಸ್‌ಪ್ರೆಶನ್ ಅಪ್ಪಟ ಕಾನ್‌ಸ್ಟಂಟೋ ಅಲ್ಲವೋ ಎಂದು ಅದು ಹೇಳುತ್ತದೆ. 2018ರಲ್ಲಿ ಮಾರ್ಟಿನ್ ಯೂಕರ್ ಸೂಚಿಸಿದ ಉಪಾಯ ಅದು. ಅದರ ಚೆಲುವು ನನಗೆ ಅರ್ಥವಾದದ್ದು, ನಾನು ನೋಡಿಕೊಳ್ಳುತ್ತಿದ್ದ ಸ್ಟ್ಯಾಟಿಕ್ ಅನಾಲಿಸಿಸ್ ಟೂಲ್ ಅಲ್ಲಿ ಮುಗ್ಗರಿಸಿದಾಗ. ಜಿಸಿಸಿ ಕಂಪೈಲರ್ ಕಾನ್‌ಸ್ಟಂಟ್ ಅಲ್ಲ ಎಂದದ್ದನ್ನು ನಮ್ಮ ಟೂಲ್ ಹೌದು ಎಂದುಕೊಂಡು ಸುಳ್ಳು ವಾರ್ನಿಂಗ್ ಕೊಡುತ್ತಿತ್ತು.

ಪ್ರಿಪ್ರೊಸೆಸ್ ಆದ ಫೈಲ್ ಸಾವಿರಾರು ಸಾಲಿನದು. ವಾರ್ನಿಂಗ್ ಉಳಿಯುವಷ್ಟನ್ನು ಮಾತ್ರ ಬಿಟ್ಟು ಮಿಕ್ಕದ್ದನ್ನು ಕತ್ತರಿಸುತ್ತಾ ಹೋದೆ. ಕೊನೆಗೆ ಉಳಿದದ್ದು ಒಂದೇ ಟೆರ್ನರಿ: ಒಂದು ಕಡೆ, ವೇರಿಯಬಲ್ ಒಂದನ್ನು ಸೊನ್ನೆಯಿಂದ ಗುಣಿಸಿ ವಾಯ್ಡ್ ಪಾಯಿಂಟರ್‌ಗೆ ಕಾಸ್ಟ್ ಮಾಡಿದ್ದು, ಇನ್ನೊಂದು ಕಡೆ, ಇಂಟ್ ಪಾಯಿಂಟರ್.

ಇಲ್ಲಿ ಸಿ ಭಾಷೆಯ ನಿಯಮ ಬಹಳ ನಾಜೂಕು. ಒಂದು ಬದಿ ನಲ್ ಪಾಯಿಂಟರ್ ಕಾನ್‌ಸ್ಟಂಟ್ ಆಗಿದ್ದರೆ ಇಡೀ ಟೆರ್ನರಿಗೆ ಇನ್ನೊಂದು ಬದಿಯ ಟೈಪ್ ಬರುತ್ತದೆ, ಅಂದರೆ ಇಂಟ್ ಪಾಯಿಂಟರ್. ಆ ಮೊದಲ ಬದಿ ಬರೀ ವಾಯ್ಡ್ ಪಾಯಿಂಟರ್ ಆಗಿದ್ದರೆ ಫಲಿತವೂ ವಾಯ್ಡ್ ಪಾಯಿಂಟರೇ. ಅದು ತೋರಿಸುವುದರ ಸೈಜ್‌ಆಫ್ ಕೇಳಿದರೆ ಮೊದಲನೆಯದಕ್ಕೆ ಸಾಮಾನ್ಯವಾಗಿ 4, ಎರಡನೆಯದಕ್ಕೆ ಜಿಸಿಸಿಯಲ್ಲಿ 1. ಮ್ಯಾಕ್ರೋ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ವೇರಿಯಬಲ್ ಅನ್ನು ಸೊನ್ನೆಯಿಂದ ಗುಣಿಸಿದರೆ ಬರುವುದು ಸೊನ್ನೆಯೇ, ನಿಜ. ಆದರೆ ಸ್ಟ್ಯಾಂಡರ್ಡ್ ಕೇಳುವುದು ಸೊನ್ನೆ ಬೆಲೆಯ ಇಂಟಿಜರ್ ಕಾನ್‌ಸ್ಟಂಟ್ ಎಕ್ಸ್‌ಪ್ರೆಶನ್. ವೇರಿಯಬಲ್ ಒಳಗೆ ಕಾಲಿಟ್ಟ ಕೂಡಲೇ ಆ ಅರ್ಹತೆ ಹೋಯಿತು.

ನಮ್ಮ ಟೂಲ್‌ನ ಟೈಪ್ ಚೆಕಿಂಗ್ ಕೋಡನ್ನು ಎಷ್ಟು ಓದಿದರೂ ತಪ್ಪು ಸಿಗಲಿಲ್ಲ, ಯಾಕೆಂದರೆ ಅದು ಸರಿಯಾಗಿಯೇ ಇತ್ತು. ಕಾನ್‌ಸ್ಟಂಟ್ ಫೋಲ್ಡಿಂಗ್‌ಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಟ್ರೀ ಪ್ರಿಂಟ್ ಮಾಡಿ ಅಕ್ಕಪಕ್ಕ ಇಟ್ಟಾಗ ವಿಷಯ ಬಯಲಾಯಿತು. ಗುಣಾಕಾರದ ನೋಡ್ ಮಾಯವಾಗಿ ಅಲ್ಲೊಂದು ಬೋಳು 0 ಕೂತಿತ್ತು. ಟೈಪ್ ಚೆಕರ್ ಕೈಗೆ ಬರುವ ಹೊತ್ತಿಗೆ ಆ ಸೊನ್ನೆ ಎಲ್ಲಿಂದ ಬಂತೆಂಬ ಸುಳಿವೇ ಇರಲಿಲ್ಲ. ಇಂಥ ಬಗ್‌ಗಳಲ್ಲಿ ವಾರ್ನಿಂಗ್ ಕೊಡುವ ಫಂಕ್ಷನ್ನಿಗಿಂತ ಅದಕ್ಕೆ ಡೇಟಾ ತಲುಪುವ ದಾರಿಯನ್ನೇ ಮೊದಲು ನೋಡಬೇಕು ಎಂದು ನಾನು ಈಗ ಹೊಸಬರಿಗೆ ಒತ್ತಿ ಹೇಳುತ್ತೇನೆ.

ಲಿನಸ್ ಟೋರ್ವಾಲ್ಡ್ಸ್ 2003ರಲ್ಲಿ ಶುರುಮಾಡಿದ ಸ್ಪಾರ್ಸ್ ಎಂಬ ಅನಾಲಿಸಿಸ್ ಟೂಲ್‌ನ ಸೋರ್ಸ್ ತೆರೆದು ನೋಡಿದರೆ, ಎಕ್ಸ್‌ಪ್ರೆಶನ್‌ಗಳ ಮೇಲೆ ಕಾನ್‌ಸ್ಟಂಟ್‌ನ ಬಗೆಯನ್ನು ಸೂಚಿಸುವ ಫ್ಲ್ಯಾಗ್‌ಗಳಿವೆ. ನಾವೂ ಅಂಥದ್ದನ್ನೇ ಸೇರಿಸಿದೆವು: ಫೋಲ್ಡ್ ಮಾಡಿದರೂ ಹಳೆಯ ಗುರುತು ಉಳಿಯಬೇಕು. ಸುಳ್ಳು ವಾರ್ನಿಂಗ್ ಹೋಯಿತು. ಜೊತೆಗೆ ಟೆಸ್ಟ್‌ಗಳನ್ನೂ ಬರೆದೆವು: ಎನಮ್ ಬೆಲೆಗಳು, ಕಾಮಾ ಆಪರೇಟರ್, ಓಡುವಾಗ ಅಳತೆ ನಿರ್ಧಾರವಾಗುವ ಅರೇಗಳ ಸೈಜ್‌ಆಫ್. ಈ ಕೊನೆಯದು ಹೊಸ ಫ್ಲ್ಯಾಗ್ ಇದ್ದರೂ ಫೇಲ್ ಆಯಿತು. ಅದನ್ನು ಪಾರ್ಸರ್‌ನಲ್ಲೇ ಸರಿಪಡಿಸಬೇಕಾಯಿತು.